ಕ್ಲಚ್ಚಿನ ಮೇಲಿನ ಕಾಲು

ಅಪಘಾತವಾದ ಆರನೆಯ ದಿನ ನಾನು ಮತ್ತೆ ಡ್ಯೂಟಿಗೆ ಹೋದೆ. ಗಾಡಿ ಅದೇ, ರೂಟೂ ಅದೇ. ವಿಲೆ ಪಾರ್ಲೆ ಸ್ಟೇಷನ್ನಿನಿಂದ ಹೊರಟು ವಿಮಾನ ನಿಲ್ದಾಣದ ಗೇಟಿನವರೆಗೆ, ಅಲ್ಲಿಂದ ವಾಪಸ್. ಹೊಸ ಕಂಡಕ್ಟರು ಎರಡು ಗಂಟೆ ಹೊಡೆದ. ಗೇರು ಹಾಕಿದೆ, ಹ್ಯಾಂಡ್ ಬ್ರೇಕ್ ಬಿಟ್ಟೆ, ಕ್ಲಚ್ಚಿನ ಮೇಲಿದ್ದ ಎಡಗಾಲನ್ನು ಎತ್ತಲು ಹೋದೆ. ಅದು ಏಳಲಿಲ್ಲ. ನೋವಿರಲಿಲ್ಲ, ಜೋಮು ಹಿಡಿದಿರಲಿಲ್ಲ. ಮೊಣಕಾಲಿನಿಂದ ಕೆಳಗೆ ಅದು ಬೇರೆ ಯಾರದೋ ಕಾಲು ಎನ್ನುವಂತೆ ಗಟ್ಟಿಯಾಗಿ ಊರಿಕೊಂಡು ನಿಂತಿತ್ತು. ಹಿಂದಿನಿಂದ ಇನ್ನೊಮ್ಮೆ ಎರಡು ಗಂಟೆ. ಜನ ಗೊಣಗತೊಡಗಿದರು. ಕೊನೆಗೆ ಎರಡೂ ಕೈಯಿಂದ ತೊಡೆ ಹಿಡಿದು ಎತ್ತಿದೆ. ಬಸ್ಸು ಕಪ್ಪೆಯ ಹಾಗೆ ಒಮ್ಮೆ ಜಿಗಿದು ಎಂಜಿನ್ ನಿಂತುಹೋಯಿತು. ನಾನು ಇಳಿದು ಹಿಂದಿನ ಚಕ್ರದ ತನಕ ನಡೆದುಹೋಗಿ ಬಗ್ಗಿ ನೋಡಿದೆ. ಚಕ್ರದ ಕೆಳಗೆ ಏನೂ ಇರಲಿಲ್ಲ.

ಏನಾಗಿತ್ತೆಂದು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕೊನೆಗೆ ತೆಗೆದು ತೋರಿಸುವ ಚಟ ನನಗಿಲ್ಲ. ಮುಚ್ಚಿಟ್ಟಿದ್ದರ ಫಲವನ್ನು ಸಾಕಷ್ಟು ಉಂಡಿದ್ದೇನೆ.

ಅದು ಉಪನಗರಗಳಲ್ಲಿ ಖಾಸಗಿ ಬಸ್ಸುಗಳು ಇನ್ನೂ ಓಡುತ್ತಿದ್ದ ಕಾಲ, ಐವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮಾಲಿಕರ ಬಳಿ ನಾಲ್ಕು ಗಾಡಿಗಳಿದ್ದವು. ಎಲ್ಲ ಹಳೆಯವು. ಹತ್ತುವ ಬಾಗಿಲು ಹಿಂದೆ, ಎಡಗಡೆ. ಡ್ರೈವರು ಮುಂದೆ, ಬಲಗಡೆ, ನಡುವೆ ಹಲಗೆಯ ಗೋಡೆ. ಕನ್ನಡಿ ಇದ್ದದ್ದು ಬಲಕ್ಕೆ ಒಂದೇ. ಹಿಂದೆ ಯಾರು ಹತ್ತಿದರು, ಯಾರು ಒಂದು ಕಾಲು ಮೇಲಿಟ್ಟು ನಿಂತಿದ್ದಾರೆ, ಡ್ರೈವರಿಗೆ ಕಾಣುವುದಿಲ್ಲ. ಅದಕ್ಕೇ ಗಂಟೆ. ಕಂಡಕ್ಟರು ಮೇಲಿನ ಹಗ್ಗ ಎಳೆದರೆ ನನ್ನ ಕಿವಿಯ ಪಕ್ಕ ಬಾರಿಸುತ್ತದೆ. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಬಿಡು. ಎರಡು ಕೇಳದೆ ಬಿಟ್ಟವನು ಡ್ರೈವರೇ ಅಲ್ಲ ಎಂದು ನನಗೆ ಕಲಿಸಿದ ಗುರು ಹೇಳಿದ್ದ.

ಆದರೆ ನನ್ನ ಕಂಡಕ್ಟರೂ ನಾನೂ ಐದು ವರ್ಷ ಒಂದೇ ಗಾಡಿಯಲ್ಲಿ ದುಡಿದವರು. ನಾನು ವಿಜಾಪುರದ ಕಡೆಯವನು, ಅವನು ಉಡುಪಿಯವನು. ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಶಾಲೆಯಲ್ಲಿ ಓದಿ, ಕಂಡಕ್ಟರನ ಬ್ಯಾಜು ಪಡೆದವನು. ನನ್ನ ಕನ್ನಡ ಕೇಳಿ ಅವನು ನಗುತ್ತಿದ್ದ, ಅವನದನ್ನು ಕೇಳಿ ನಾನು ನಗುತ್ತಿದ್ದೆ. ಐದು ವರ್ಷದಲ್ಲಿ ನಮ್ಮ ನಡುವೆ ಗಂಟೆ ಬೇಡವಾಗಿತ್ತು. ಪ್ರತಿ ಸ್ಟಾಪಿನ ಸದ್ದು ನನ್ನ ಕಿವಿಗೆ ಗೊತ್ತು. ಒಂದು ಸ್ಟಾಪಿನಲ್ಲಿ ದಿನಾ ಬೆಳಿಗ್ಗೆ ಒಬ್ಬ ಟೈಲರು ಹತ್ತುತ್ತಿದ್ದ. ಸೊಲ್ಲಾಪುರದವನು, ವಿಮಾನ ನಿಲ್ದಾಣದ ಕೆಲಸಗಾರರ ಯೂನಿಫಾರ್ಮು ಹೊಲಿದು ಗಂಟು ಕಟ್ಟಿ ಒಯ್ಯುತ್ತಿದ್ದ. ಮೊದಲು ಗಂಟನ್ನು ಒಳಗೆ ಎಸೆಯುವುದು, ಆಮೇಲೆ ತಾನು ಹತ್ತುವುದು. ‘ಧಪ್’ ಎಂದು ಗಂಟು ಬಿತ್ತೆಂದರೆ ನಾನು ಮನಸ್ಸಿನಲ್ಲೇ ಒಂದು, ಎರಡು ಎಣಿಸಿ ಕ್ಲಚ್ಚು ಬಿಡುತ್ತಿದ್ದೆ. ಕಂಡಕ್ಟರು ಆ ಹೊತ್ತಿಗೆ ತನ್ನ ಕಾಗದದಲ್ಲಿ ಟಿಕೇಟಿನ ನಂಬರು ಬರೆದುಕೊಳ್ಳುತ್ತಿದ್ದ. ಗಂಟೆಯನ್ನು ನಡೆಯುವ ಬಸ್ಸಿನಲ್ಲಿ, ಸುಮ್ಮನೆ ರಿವಾಜಿಗೆ ಹೊಡೆಯುತ್ತಿದ್ದ. ನಮಗೆ ಅದೊಂದು ಹೆಮ್ಮೆಯೇ ಆಗಿತ್ತು.

ಆ ದಿನ ಟೈಲರು ಎರಡು ಗಂಟು ತಂದಿದ್ದ. ಮೊದಲನೆಯದು ಧಪ್ ಎಂದಿತು. ನಾನು ಒಂದು, ಎರಡು ಎಣಿಸಿ ಬಿಟ್ಟೆ. ಅವನು ಒಂದು ಕೈಯಲ್ಲಿ ಕಂಬಿ ಹಿಡಿದು ಎರಡನೆಯ ಗಂಟಿಗಾಗಿ ಕೆಳಗೆ ಬಗ್ಗಿದ್ದ. ಜಾರಿ ಹಿಂದಿನ ಚಕ್ರದಡಿಗೆ ಬಿದ್ದ, ಮೂರು ದಿನ ಆಸ್ಪತ್ರೆಯಲ್ಲಿದ್ದು ಸತ್ತ.

ಜನ ಸೇರಿದ್ದಾಗ ಕಂಡಕ್ಟರು ನನ್ನ ಕಿಟಕಿಯ ಹತ್ತಿರ ಬಂದ. ಮುಖ ಬಿಳಿಚಿತ್ತು. “ನಾನು ಎರಡು ಗಂಟೆ ಹೊಡೆದೆ. ನೋಡದೆ ಹೊಡೆದೆ. ಗೊತ್ತಾಯ್ತಾ? ನೀನು ಬಾಯಿ ಬಿಡ್ಬೇಡ” ಎಂದ. ನಾನು ಬಾಯಿ ಬಿಡಲಿಲ್ಲ. ಪೊಲೀಸರ ಮುಂದೆ ಅವನು ಅದನ್ನೇ ಹೇಳಿದ, ನಾನೂ ಎರಡು ಗಂಟೆ ಕೇಳಿ ಬಿಟ್ಟೆ ಎಂದೆ. ತಾನೇ ತಪ್ಪೊಪ್ಪಿಕೊಂಡಿದ್ದರಿಂದ ಕೇಸು ಬೇಗ ಮುಗಿಯಿತು. ಅವನಿಗೆ ಒಂದು ತಿಂಗಳ ಸಜೆ, ಬ್ಯಾಜು ಖಾಯಂ ರದ್ದು. ನನಗೆ ಏನೂ ಇಲ್ಲ. ಗಂಟೆ ಕೇಳಿ ಬಿಟ್ಟ ಡ್ರೈವರನ ತಪ್ಪೇನು?

ಆಮೇಲಿನ ದಿನಗಳಲ್ಲಿ ನನ್ನ ಬಸ್ಸು ಊರಿನವರ ನಗೆಪಾಟಲಾಯಿತು. ಪ್ರತಿ ಸ್ಟಾಪಿನಲ್ಲಿ ಇಳಿದು ಹಿಂದಿನ ಚಕ್ರ ನೋಡಿ ಬರುತ್ತಿದ್ದೆ. ಹತ್ತಿ ಕುಳಿತ ಮೇಲೆ, ಅಷ್ಟರಲ್ಲಿ ಯಾರಾದರೂ ಚಕ್ರದಡಿಗೆ ಬಂದಿದ್ದರೆ ಎನ್ನಿಸಿ ಮತ್ತೆ ಇಳಿಯುತ್ತಿದ್ದೆ. ಇಪ್ಪತ್ತು ನಿಮಿಷದ ದಾರಿಗೆ ಒಂದು ತಾಸು. ಕಾಲು ಒಮ್ಮೆ ಏಳುತ್ತಿತ್ತು, ಒಮ್ಮೆ ಇಲ್ಲ. “ಅರೇ ಡ್ರೈವರ್ ಸಾಬ್, ಬಸ್ ಮೇ ಪೂಜಾ ಹೈ ಕ್ಯಾ?” ಎಂದು ಜನ ಕೇಳುತ್ತಿದ್ದರು. ಅಂಗಿ ಬೆಳಿಗ್ಗೆ ಏಳಕ್ಕೇ ಬೆವರಿನಿಂದ ತೊಯ್ದಿರುತ್ತಿತ್ತು. ಹೆದರಿಕೆ ಎಂಬ ಮಾತನ್ನು ನಾನು ಯಾರ ಮುಂದೂ ಆಡಲಿಲ್ಲ. ಕ್ಲಚ್ ಪ್ಲೇಟು ಹಿಡಿಯುತ್ತದೆ ಎಂದು ಗ್ಯಾರೇಜಿನ ಮಿಸ್ತ್ರಿಗೆ ಎರಡು ಸಲ ದೂರು ಕೊಟ್ಟೆ. ಅವನು ಎರಡು ಸಲವೂ ಬಿಚ್ಚಿ ನೋಡಿ, ಪ್ಲೇಟು ಸರಿಯಿದೆ ಎಂದು ಮತ್ತೆ ಕೂಡಿಸಿದ.

ಹೆಂಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಸ್ಟೇರಿಂಗಿಗೆ ಲಿಂಬೆಹಣ್ಣು ಕಟ್ಟಿದೆವು. ಗುರುವಾರ ಒಪ್ಪೊತ್ತು ಮಾಡಿದೆ. “ಗಾಡಿಗೆ ಏನರ ಆಗೇದ, ಬ್ಯಾರೆ ಗಾಡಿ ಕೇಳ್ರಿ” ಎಂದಳು. ಬೇರೆ ಗಾಡಿ ಕೇಳಿ ಪಡೆದೆ. ಕಾಲು ಅದೇ ಆಗಿದ್ದರಿಂದ ಏನೂ ಬದಲಾಗಲಿಲ್ಲ.

ಮಾಲಿಕರು ಕೆಟ್ಟವರಲ್ಲ, ಆದರೆ ವ್ಯಾಪಾರಿ. ಒಂದು ದಿನ ಕರೆದು, “ದೇಖೋ ಭಾಯ್, ಮಳೆಗಾಲ ಮುಗಿಯೋ ತನಕ ಗ್ಯಾರೇಜಲ್ಲಿ ಗಾಡಿ ತೊಳಿ, ಆಯಿಲ್ ಹಾಕು. ಆಮೇಲೂ ಹೀಂಗೇ ಇದ್ರೆ ಖೋಲಿ ಖಾಲಿ ಮಾಡು, ಬೇರೆ ಡ್ರೈವರ್ ಬರ್ತಾನೆ” ಎಂದರು. ನಾವಿದ್ದ ಚಾಳಿನ ಖೋಲಿ ಕೆಲಸದ ಜೊತೆ ಬಂದದ್ದು. ಕೆಲಸ ಹೋದರೆ ಹೆಂಡತಿ, ಇಬ್ಬರು ಮಕ್ಕಳು, ಒಂದು ಟ್ರಂಕು ಮತ್ತು ನಾನು ರಸ್ತೆಯ ಮೇಲೆ. ಅವತ್ತು ಮನೆಗೆ ಹೋಗಿ ಮಕ್ಕಳನ್ನು ಕಾರಣವಿಲ್ಲದೆ ಬೈದೆ.

ನನ್ನ ಬಸ್ಸಿಗೆ ದಿನಾ ಬರುತ್ತಿದ್ದ ಬೆಳಗಾವಿಯ ಒಬ್ಬ ಕಂಪೌಂಡರು ಪರೇಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಅವನೇ ಹೇಳಿದ್ದು: ಅಲ್ಲೊಬ್ಬ ಡಾಕ್ಟರು ಇದ್ದಾರೆ, ಯುದ್ಧದಲ್ಲಿ ಬಾಂಬಿಗೆ ಬೆದರಿದ ಲಾರಿ ಡ್ರೈವರುಗಳನ್ನು ಮತ್ತೆ ಲಾರಿಗೆ ಹತ್ತಿಸಿದವರು. “ನಾನೇನು ಹುಚ್ಚನಲ್ಲ” ಎಂದೆ. “ಹುಚ್ಚರು ಇಷ್ಟು ಬೆವರೂದಿಲ್ಲ, ನಡೀರಿ” ಎಂದ.

ಡಾಕ್ಟರಿಗೆ ಐವತ್ತರ ಆಸುಪಾಸು. ಮರಾಠಿಯವರು, ತಾಯಿ ಬೆಳಗಾವಿ ಕಡೆಯವಳಾದ್ದರಿಂದ ಕನ್ನಡ ಬರುತ್ತಿತ್ತು. ನಾಡಿ ನೋಡಲಿಲ್ಲ, ಸೂಜಿ ಚುಚ್ಚಲಿಲ್ಲ. ಬಾಟಲಿ ಔಷಧಿ ಕೊಡುತ್ತಾರೆಂದು ನಾನು ಮನೆಯಿಂದ ಸೀಸೆ ತೊಳೆದುಕೊಂಡು ಹೋಗಿದ್ದೆ, ಅದನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ಮಲಗಿಸಿ, “ಕಾಲಿನ ಮೀನಖಂಡ ಬಿಗಿ ಹಿಡಿ. ಇನ್ನೂ ಬಿಗಿ. ಈಗ ಬಿಡು. ಹ್ಞಾಂ, ಉಸಿರು ಬಿಡ್ತಾ ಬಿಡು” ಎಂದು ಅರ್ಧ ತಾಸು ಅದೊಂದನ್ನೇ ಮಾಡಿಸಿದರು. ಇಷ್ಟಕ್ಕೆ ಪಾರ್ಲೆಯಿಂದ ಲೋಕಲ್ ಹತ್ತಿ ಬರಬೇಕಿತ್ತೇ ಎಂದು ನನಗೆ ಸಿಟ್ಟು ಬಂತು.

ಎದ್ದು ಕುಳಿತ ಮೇಲೆ ಕೇಳಿದರು: “ಅಪಘಾತಕ್ಕ ಒಂದು ಕ್ಷಣ ಮೊದಲು ಏನು ಕೇಳಿದಿ, ಏನು ಮಾಡಿದಿ?”

“ಎರಡು ಗಂಟಿ ಆತ್ರಿ. ಬಿಟ್ಟೆ” ಎಂದೆ. ಪೊಲೀಸರಿಗೆ ಹೇಳಿದ್ದನ್ನೇ ಡಾಕ್ಟರಿಗೂ ಹೇಳಿದೆ. ಅಷ್ಟೊತ್ತಿಗೆ ಅದು ಬಾಯಿಪಾಠ ಆಗಿತ್ತು.

ಅವರು ಒಂದು ಕಾಗದ ತೆಗೆದು ಮೆಟ್ಟಿಲು ಬರೆದರು. ಎಲ್ಲಕ್ಕಿಂತ ಕೆಳಗೆ: ನಿಂತ ಬಸ್ಸಿನಲ್ಲಿ ಸುಮ್ಮನೆ ಕೂರುವುದು. ಅದರ ಮೇಲೆ ಎಂಜಿನ್ ಚಾಲೂ ಮಾಡುವುದು, ಆಮೇಲೆ ಗ್ಯಾರೇಜಿನ ಅಂಗಳದಲ್ಲಿ ಹತ್ತು ಮಾರು ಮುಂದೆ ಹೋಗುವುದು, ಹೀಗೆ. ಮೇಲಿನ ನಾಲ್ಕೈದು ಮೆಟ್ಟಿಲೆಲ್ಲ ಗಂಟೆಯವು. ಮಿಸ್ತ್ರಿ ದೂರದಲ್ಲಿ ಗಂಟೆ ಹೊಡೆಯುವುದು, ಹತ್ತಿರ ಹೊಡೆಯುವುದು, ಗಂಟೆಯಾದ ಕೂಡಲೇ ಬಿಡುವುದು. ಪ್ರತಿ ಮೆಟ್ಟಿಲಲ್ಲೂ ಹೆದರಿಕೆ ಎಷ್ಟೆಂದು ಕೈಬೆರಳಲ್ಲಿ ತೋರಿಸಬೇಕು. ಹತ್ತು ಬೆರಳೆಂದರೆ ಜೀವ ಹೋಗುವಷ್ಟು. ಎರಡು ಬೆರಳಿಗೆ ಇಳಿಯುವ ತನಕ ಮುಂದಿನ ಮೆಟ್ಟಿಲು ಹತ್ತುವ ಹಾಗಿಲ್ಲ. “ಗಡಬಡಿ ಮಾಡಬ್ಯಾಡ. ಎಂಟು ದಿನಾ ಆಗಲಿ, ತಿಂಗಳಾಗಲಿ” ಎಂದರು.

ಹೀಗೆ ಆ ಮಳೆಗಾಲ ಕಳೆಯಿತು. ಮಿಸ್ತ್ರಿ ಒಬ್ಬ ಮುದುಕ, ಮಾತು ಕಡಿಮೆ. ಮಧ್ಯಾಹ್ನ ಊಟವಾದ ಮೇಲೆ ಬಂದು, ನಿಂತ ಬಸ್ಸಿನ ಹಗ್ಗ ಎಳೆದು ಗಂಟೆ ಹೊಡೆದು, ನನ್ನ ಬೆರಳು ಎಣಿಸಿ ಹೋಗುತ್ತಿದ್ದ. “ಸಾತ್. ಕಲ್ ಸೇ ಏಕ್ ಕಮ್” ಎನ್ನುತ್ತಿದ್ದ. ಏಳರಿಂದ ಐದಾಯಿತು, ಐದರಿಂದ ಮೂರು. ಗಂಟೆ ಬಾರಿಸಿದರೆ ಉಸಿರು ಬಿಡುತ್ತಾ ಕಾಲು ಸಡಿಲಿಸುವುದು ಅಭ್ಯಾಸವಾಯಿತು. ಕೊನೆಗೆ ಒಂದು ಬೆರಳಿಗೆ ಬಂತು. ಪ್ರತಿ ಗುರುವಾರ ಪರೇಲಿಗೆ ಹೋಗಿ ವರದಿ ಒಪ್ಪಿಸುತ್ತಿದ್ದೆ. ಡಾಕ್ಟರು ಖುಷಿಯಾಗಿದ್ದರು. ನಾನೂ ಖುಷಿಯಾಗಬೇಕಿತ್ತು. ಆದರೆ ಒಳಗೆ ಏನೋ ಕೊಳೆತ ವಾಸನೆ. ನನ್ನ ನಿಜವಾದ ಹೆದರಿಕೆ ಎಂದೂ ಗಂಟೆಯದಾಗಿರಲೇ ಇಲ್ಲ.

ಮಳೆ ನಿಲ್ಲುವ ಹೊತ್ತಿಗೆ ಮಾಲಿಕರೇ ಪಕ್ಕದಲ್ಲಿ ಕುಳಿತು ರಸ್ತೆಯ ಪರೀಕ್ಷೆ ಇಟ್ಟರು. ಖಾಲಿ ಬಸ್ಸು, ಹಿಂದೆ ಮಿಸ್ತ್ರಿ. ನಾಲ್ಕು ಸ್ಟಾಪು ಚೆನ್ನಾಗಿ ಆಯಿತು. ಮಾಲಿಕರು ಬೀಡಿ ಹಚ್ಚಿದರು. ಐದನೆಯದು ಏರಿನ ಮೇಲಿತ್ತು. ಅಲ್ಲಿ ಮಿಸ್ತ್ರಿ ಕಾಲಿಗೆ ತೊಡಕಾದ ಹಳೆಯ ಟೈರನ್ನು ಎತ್ತಿ ಹಿಂದಿನ ಬಾಗಿಲಿನ ಹಲಗೆಯ ಮೇಲೆ ಹಾಕಿದ. ಧಪ್. ಆಮೇಲೆ ಎರಡು ಗಂಟೆ ಹೊಡೆದ. ಹ್ಯಾಂಡ್ ಬ್ರೇಕ್ ಬಿಟ್ಟಿದ್ದೆ, ಎಡಗಾಲು ಊರಿಕೊಂಡುಬಿಟ್ಟಿತು, ಬಲಗಾಲು ಬ್ರೇಕ್ ಹುಡುಕುವಷ್ಟರಲ್ಲಿ ಬಸ್ಸು ಹಿಂದಕ್ಕೆ ಉರುಳಿ ಒಂದು ಕಾಂಪೌಂಡಿಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ದೀಪ ಒಡೆಯಿತು. ಮಾಲಿಕರು ಇಳಿದು, “ದೀಪಾವಳಿ ತನಕ. ಆಮೇಲೆ ಖತಂ” ಎಂದು ಹೇಳಿ ನಡೆದುಕೊಂಡೇ ಹೋದರು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಮಿಸ್ತ್ರಿ ಒಡೆದ ಗಾಜು ಆರಿಸುತ್ತಿದ್ದ.

ಗುರುವಾರ ಡಾಕ್ಟರಿಗೆ ಹೇಳಿದೆ. ಅವರು ತಮ್ಮ ಮೆಟ್ಟಿಲಿನ ಕಾಗದವನ್ನು ಬಹಳ ಹೊತ್ತು ನೋಡಿದರು. “ಗಂಟಿಗೆ ಒಂದು ಬೆರಳು. ಟೈರ್ ಬಿದ್ದಿದ್ದಕ್ಕ ಹತ್ತು. ನನ್ನ ಲೆಕ್ಕ ಎಲ್ಲೋ ತಪ್ಪೇದ” ಎಂದರು. ಅವರು ತಮ್ಮನ್ನೇ ದೂರಿಕೊಂಡದ್ದು ನೋಡಿ ನನಗೆ ತಡೆಯಲಾಗಲಿಲ್ಲ.

“ನಿಮ್ದು ತಪ್ಪಿಲ್ರೀ. ಗಂಟಿ ಆಗೇ ಇರಲಿಲ್ಲ” ಎಂದೆ. ಧಪ್ ಕೇಳಿ ಎಣಿಸಿ ಬಿಡುತ್ತಿದ್ದದ್ದು, ಎರಡನೆಯ ಗಂಟು, ಕಂಡಕ್ಟರು ತನ್ನ ಮೇಲೆ ಹಾಕಿಕೊಂಡದ್ದು, ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕಾಗದವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

“ಸುಳ್ಳು ಹೇಳಿದ ಪೇಷಂಟಿಗೆ ಸುಳ್ಳು ರೋಗದ ಔಷಧಿ ಸಿಗ್ತದ. ಮೂರು ತಿಂಗಳು ನಾವಿಬ್ರೂ ಕೂಡಿ ಗಂಟಿಗೆ ಇಲಾಜು ಮಾಡೀವಿ” ಎಂದರು. ಆಮೇಲೆ ಹೊಸ ಕಾಗದ ತೆಗೆದರು. “ಈಗ ಕೇಳು. ಧಪ್ ಅಂದ ಕೂಡಲೆ ನಿನ್ನ ಕಾಲು ಏಳೂದಿಲ್ಲ ಅಂತದ. ಅದು ಸರಿಯಾಗೇ ಹೇಳ್ತದ. ಆವಾಗ ಏಳಬಾರದು. ಅದನ್ನ ಯಾಕ ಹೊಡೀತಿ? ಧಪ್ ಅಂದಾಗ ಕಾಲು ಕೂತಿರಲಿ. ಗಂಟಿ ಆದಮ್ಯಾಲೆ ಏಳಲಿ. ಎರಡರ ನಡುವ ಉಸಿರಾಡು.”

ಮಿಸ್ತ್ರಿಗೆ ನಾನು ಕಾರಣ ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಚಿಂದಿ ಬಟ್ಟೆಯ ಗಂಟು ಕಟ್ಟಿಕೊಂಡ. ಮೊದಲು ನಾನು ನೋಡುತ್ತಿರುವಾಗ ನೆಲದ ಮೇಲೆ ಹಾಕಿದ. ಹತ್ತು ಬೆರಳು. ನಾನು ಹೋಗಿ ವಾಂತಿ ಮಾಡಿಕೊಂಡು ಬಂದೆ. ಮರುದಿನ ಮತ್ತೆ ಹಾಕಿದ. ನಾಲ್ಕು ದಿನ ಹತ್ತೇ ಇತ್ತು, ಐದನೆಯ ದಿನ ಒಂಬತ್ತಾಯಿತು. ಆಮೇಲೆ ಹಿಂದಿನ ಹಲಗೆಯ ಮೇಲೆ, ನಾನು ಸೀಟಿನಲ್ಲಿ ಕುಳಿತಿರುವಾಗ, ಎಂಜಿನ್ ಬಂದ್. ಆಮೇಲೆ ಎಂಜಿನ್ ಚಾಲೂ. ಗಂಟು ಬಿದ್ದ ಮೇಲೆ ಮಿಸ್ತ್ರಿ ಬೇಕೆಂದೇ ತಡ ಮಾಡುತ್ತಿದ್ದ, ಒಮ್ಮೊಮ್ಮೆ ಚಹಾ ಕುಡಿದು ಬಂದು ಗಂಟೆ ಹೊಡೆಯುತ್ತಿದ್ದ. ಅಷ್ಟು ಹೊತ್ತು ನಾನು ಕ್ಲಚ್ಚು ಒತ್ತಿ, ಉಸಿರಾಡುತ್ತ ಕುಳಿತಿರುತ್ತಿದ್ದೆ. ಕೊನೆಯ ವಾರ ಎರಡು ಗಂಟು ಹಾಕಿದ. ಒಂದು ಬಿತ್ತು, ಇನ್ನೊಂದು ಬಿತ್ತು, ಗಂಟೆ ಆಯಿತು, ಕಾಲು ತಾನಾಗಿ ಎದ್ದಿತು. ಮೂರು ಬೆರಳು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. “ಇರಲಿ, ಆ ಮೂರು ನಿನಗ ಬೇಕು” ಎಂದರು ಡಾಕ್ಟರು.

ದೀಪಾವಳಿಗೆ ಎಂಟು ದಿನ ಇರುವಾಗ ಮಾಲಿಕರ ಮುಂದೆ ಜನ ತುಂಬಿದ ಬಸ್ಸನ್ನು ಎರಡು ಸುತ್ತು ಓಡಿಸಿದೆ. ಇಳಿದು ಚಕ್ರ ನೋಡಲಿಲ್ಲ. ಕೆಲಸ ಉಳಿಯಿತು, ಖೋಲಿ ಉಳಿಯಿತು. ಹೆಂಡತಿ ಹೋಳಿಗೆ ಮಾಡಿದಳು, ನನ್ನ ಪಾಲನ್ನು ಮಕ್ಕಳಿಗೆ ಹಾಕಿದೆ. ಡಾಕ್ಟರಿಗೆ ಕೊನೆಯ ಸಲ ಕೈ ಮುಗಿಯಲು ಹೋದಾಗ ಕಂಡಕ್ಟರನ ಮಾತು ತೆಗೆದೆ. ಅವರು ಕಿಟಕಿಯ ಕಡೆ ನೋಡಿ, “ಕಾಲು ನನ್ನ ಕೆಲಸ ಇತ್ತು. ಅದು ಮುಗೀತು. ಉಳಿದದ್ದು ನನ್ನ ಕೈಯಾಗ ಇಲ್ಲ” ಎಂದರು.

ಕಂಡಕ್ಟರು ವಡಾಲದ ಒಂದು ಸಣ್ಣ ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದ. ಅವನು ಜೈಲಿನಿಂದ ಬಂದ ಮೇಲೆ ನಾನು ನೋಡಲು ಹೋಗಿರಲಿಲ್ಲ. ನಾಚಿಕೆಗೆಟ್ಟವನು ನಾನು, ಇದನ್ನೂ ಬರೆಯಲೇಬೇಕು. ನನ್ನನ್ನು ಕಂಡು ಅವನು ಸಿಟ್ಟಾಗಲಿಲ್ಲ. ಚಹಾ ತಂದಿಟ್ಟು ಎದುರು ಕುಳಿತ.

“ಕಾಲು ಸಮ ಆಯ್ತಂತೆ?”

“ಆತು. ಈಗ ನಾ ಹೋಗಿ ಖರೇ ಹೇಳ್ತೀನಿ. ನಿನ್ನ ಬ್ಯಾಜು ಕೊಡಿಸ್ತೀನಿ.”

“ಎಂತ ಹೇಳುದು ಮಾರಾಯ? ಕೋರ್ಟಿನಲ್ಲಿ ಸುಳ್ಳು ಹೇಳಿದೆ ಅಂತ ನನ್ನನ್ನು ಮತ್ತೆ ಒಳಗೆ ಹಾಕ್ತಾರೆ. ನಿನ್ನ ಲೈಸೆನ್ಸೂ ಹೋಗ್ತದೆ. ಆಮೇಲೆ ಇಬ್ರೂ ಒಟ್ಟಿಗೆ ಇಲ್ಲಿ ಮೇಜು ಒರೆಸುವ, ಆಯ್ತಾ?” ಎಂದು ನಕ್ಕ. ಆ ನಗು ಬೇಗ ಹೋಯಿತು. “ಮತ್ತೆ, ನಾನೇನು ದೊಡ್ಡ ಧರ್ಮಾತ್ಮ ಅಲ್ಲ. ಗಂಟೆ ಹೊಡಿಲಿಲ್ಲ ಅಂತ ಹೇಳಿದ್ರೆ, ಹಾಗಾದ್ರೆ ನೀನೆಂತ ಮಾಡ್ತಿದ್ದೆ ಅಂತ ಕೇಳ್ತಿದ್ರು. ನಾನೂ ಹಿಂದೆ ನೋಡ್ಲಿಲ್ಲ. ಬ್ಯಾಜು ಹೋದದ್ದು ಹೋಯ್ತು. ಆದ್ರೆ ಆ ಹೆಂಗಸು...”

ಟೈಲರನ ಹೆಂಡತಿ. ಶಿಕ್ಷೆಯಾದ ದಿನ ಕೋರ್ಟಿನ ಹೊರಗೆ ಅವಳು ಇವನ, ಇವನ ಹೆಂಡತಿಯ ಮುಂದೆ ಮಣ್ಣು ತೂರಿ ಶಪಿಸಿದ್ದಳಂತೆ. “ನನ್ನ ಮನಿ ಕತ್ತಲಾದಂಗ ನಿನ್ನ ಮನೀನೂ ಕತ್ತಲಾಗ್ಲಿ” ಎಂದು. ಇವನು ಒಳಗಿದ್ದಾಗಲೇ ಹೆಂಡತಿಗೆ ಆರು ತಿಂಗಳ ಬಸಿರು ಇಳಿದುಹೋಯಿತು. “ಕನ್ನಡದಲ್ಲೇ ಬೈದದ್ದು ನೋಡು. ಮರಾಠಿಯಲ್ಲಿ ಬೈದಿದ್ರೆ ನನ್ನ ಹೆಂಡತಿಗೆ ಅರ್ಥ ಆಗ್ತಿರಲಿಲ್ಲ. ಈಗ ಮಾತಾಡುವುದೇ ಬಿಟ್ಟಿದ್ದಾಳೆ. ಆ ಶಾಪ ಇರುವ ತನಕ ಮತ್ತೆ ಮಗು ಬೇಡ ಅಂತಾಳೆ.” ಅವನು ಮೇಜು ಒರೆಸುವ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ನಾನು ಚಹಾ ಮುಟ್ಟದೆ ಎದ್ದೆ. ಎಲ್ಲಿಗೆ ಹೋಗಬೇಕೆಂದು ಆಗ ನಿರ್ಧಾರವಾಯಿತು.

ಟೈಲರನ ಹೆಂಡತಿ ಪರೇಲಿನಲ್ಲಿ, ಮಿಲ್ಲಿನಲ್ಲಿ ದುಡಿಯುವ ಅಣ್ಣನ ಖೋಲಿಯಲ್ಲಿ ಇದ್ದಳು. ಬಾಗಿಲಲ್ಲಿ ಕುಳಿತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ನಾನು ಆ ಬಸ್ಸಿನ ಡ್ರೈವರು ಎಂದೆ. ಒಳಗೆ ಕರೆದು ಚಾಪೆ ಹಾಸಿದಳು. ಡ್ರೈವರನ ಮೇಲೆ ಅವಳಿಗೆ ಏನೂ ಸಿಟ್ಟಿರಲಿಲ್ಲ. ಉಸಿರು ಬಿಡುತ್ತ, ಒಂದೊಂದೇ ಮಾತು ಹೇಳಿದೆ. ಗಂಟೆ ಆಗಿರಲಿಲ್ಲ, ಗಂಟು ಬಿದ್ದ ಸದ್ದಿಗೆ ನಾನೇ ಬಿಟ್ಟೆ, ಕಂಡಕ್ಟರು ನನ್ನನ್ನು ಉಳಿಸಲು ಸುಳ್ಳು ಹೇಳಿದ.

ಅವಳು ಸೂಜಿಯನ್ನು ಅಂಗಿಗೆ ಚುಚ್ಚಿ ಬದಿಗಿಟ್ಟಳು.

“ದಿನಾ ಸಂಜೀಕ ದೀಪ ಹಚ್ಚೂವಾಗ ಅವನ ಹೆಸರು ಹಿಡದು ಶಾಪ ಹಾಕೀನಿ. ಒಂದು ದಿನಾ ಬಿಟ್ಟಿಲ್ಲ” ಎಂದಳು.

“ಅವನ ಹೆಂಡತಿ ಬಸಿರು ಹೋಗೇದ” ಎಂದೆ.

“ಅಯ್ಯ ನಮ್ಮವ್ವ” ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣಲ್ಲಿ ನೀರು ಬಂತು, ಯಾರಿಗಾಗಿ ಎಂದು ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುಖ ಒರೆಸಿಕೊಂಡು ನನ್ನನ್ನು ನೇರವಾಗಿ ನೋಡಿದಳು.

“ನಿಮ್ಮ ಹೆಸರೇನ್ರಿ?”

ನನ್ನ ಇಬ್ಬರು ಮಕ್ಕಳು ಕಣ್ಣ ಮುಂದೆ ಬಂದರು. ಒಂದು ಸುಳ್ಳು ಹೆಸರು ನಾಲಿಗೆಯ ತುದಿಗೇ ಬಂದಿತ್ತು, ದೇವರಾಣೆ. ಅದನ್ನು ನುಂಗಿ ನನ್ನ ಹೆಸರು ಹೇಳಿದೆ. ಶಾಪ ತಪ್ಪಿ ಬೇರೆಯವರ ಮೇಲೆ ಹೋಗಬಾರದೆಂದು ಅಪ್ಪನ ಹೆಸರನ್ನೂ ಊರನ್ನೂ ಹೇಳಿದೆ. ಅವಳು ತುಟಿಯೊಳಗೇ ಒಮ್ಮೆ ಅದನ್ನು ಹೇಳಿಕೊಂಡಳು. ಆಮೇಲೆ, ದೀಪ ಹಚ್ಚುವ ಹೊತ್ತಾಯಿತೆಂದು ಎದ್ದಳು.